ಅರ್ಧ ಗಲ್ಲದ ಚೌಕಾಸಿ

ಚೌಕಾಸಿ ಮಾಡುವವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಕೆಲಸ ಶುರುವಾಗುವ ಮೊದಲೇ ಬಾಯಿ ಬಿಡುತ್ತಾರೆ. ಆಗ ಎದುರಿನವನು ಎದ್ದು ಹೋಗಬಲ್ಲ. ಕುರ್ಚಿಯಲ್ಲಿ ಕೂತು, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು, ಒಂದು ಗಲ್ಲ ನುಣ್ಣಗಾಗಿ ಇನ್ನೊಂದರ ಮೇಲೆ ನೊರೆ ಹೊತ್ತು ಕೂತವನು ಎಲ್ಲಿಗೂ ಹೋಗಲಾರ. ಏನಾದರೂ ಕೇಳುವುದಿದ್ದರೆ ಆಗ ಕೇಳಬೇಕು. ಇದನ್ನು ನನಗೆ ಹೇಳಿಕೊಟ್ಟವನು ದುಬೈಯಲ್ಲಿದ್ದ ಒಬ್ಬ ಟರ್ಕಿ ದೇಶದ ಕ್ಷೌರಿಕ. ನಾನು ಅದನ್ನು ಬಳಸಿದ್ದು ದೇವದುರ್ಗದ ಒಂದು ದೊಡ್ಡ ಮನೆಯ ಪಡಸಾಲೆಯಲ್ಲಿ. ಕೇಳಿದ್ದು ರೊಕ್ಕವನ್ನಲ್ಲ.

ನನ್ನ ಹುಟ್ಟೂರು ದೇವದುರ್ಗ. ಅಲ್ಲಿನ ಕೆಲವು ಮನೆಗಳಲ್ಲಿ ಮದುಮಗನ ಕ್ಷೌರ ಮಾಡುವ ಹಕ್ಕು ನಮ್ಮ ಮನೆತನಕ್ಕೆ ತಲೆತಲಾಂತರದಿಂದ ಬಂದದ್ದು. ಹಕ್ಕು ಎಂಬ ಮಾತು ಕೇಳಲು ಚಂದ. ಹಕ್ಕುದಾರನಾದ ನನ್ನಪ್ಪ ಆ ಮನೆಗಳಿಗೆ ಹೋಗುತ್ತಿದ್ದುದು ಮಾತ್ರ ಹಿತ್ತಲ ಬಾಗಿಲಿನಿಂದ. ಕ್ಷೌರ ಮೈಲಿಗೆಯ ಕೆಲಸ. ಅದು ದನದ ಕೊಟ್ಟಿಗೆಯ ಪಕ್ಕ ನಡೆಯಬೇಕು, ಮುಗಿದ ಮೇಲೆ ಮದುಮಗ ಯಾರನ್ನೂ ಮುಟ್ಟದೆ ನೇರ ಸುರಗಿ ನೀರಿನ ಮಂಗಳಸ್ನಾನಕ್ಕೆ ಹೋಗಬೇಕು. ಅಪ್ಪ ಇದನ್ನೆಲ್ಲ ಪ್ರಶ್ನಿಸಿದವನಲ್ಲ. ಅವನಿಗೆ ಅಭಿಮಾನವಿದ್ದದ್ದು ಒಂದು ವಸ್ತುವಿನ ಬಗ್ಗೆ: ಅವನ ಅಜ್ಜನ ಕಾಲದ ಹಿತ್ತಾಳೆಯ ಬಟ್ಟಲು. ಅದರಲ್ಲಿ ನೀರು ತುಂಬಿಸಿ, ಕತ್ತಿ ಅದ್ದಿ ಅದ್ದಿ ಕ್ಷೌರ ಮಾಡುತ್ತಿದ್ದ. ಕನ್ನಡಿ ಒಡೆದರೆ ಸುಮ್ಮನಿರುತ್ತಿದ್ದ, ಬಟ್ಟಲಿಗೆ ಕಲೆ ಬಿದ್ದರೆ ಸಹಿಸುತ್ತಿರಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ.

ಒಮ್ಮೆ, ಊರ ಅಗಸೆಬಾಗಿಲು ದಾಟಿದ ಕೂಡಲೇ ಸಿಗುವ ಎತ್ತರದ ಕಟ್ಟೆಯ ಮನೆಯಲ್ಲಿ ಮದುವೆ ಇತ್ತು. ಆ ಮನೆಯ ಯಜಮಾನರನ್ನು ಊರೆಲ್ಲ ಗೌಡರು ಎನ್ನುತ್ತಿತ್ತು. ಅವರ ಮಗ ಮದುಮಗ. ಅಪ್ಪನ ಕಣ್ಣು ಆಗಲೇ ಮಂದವಾಗಿದ್ದರಿಂದ ಕತ್ತಿ ನನ್ನ ಕೈಯಲ್ಲಿತ್ತು. ನಾನು ಮೀಸೆ ಬಂದ ಗಂಡಸು, ಕೆಲಸ ಬಲ್ಲವನು. ಹಿತ್ತಲಿನಲ್ಲಿ ಅಡುಗೆಯ ಒಲೆಗಳನ್ನು ಹೂಡಿದ್ದರಿಂದ ನಮ್ಮನ್ನು ಮುಂದಿನ ಅಂಗಳದ ಮೂಲೆಯಲ್ಲಿ, ಪಡಸಾಲೆಯ ಕಟ್ಟೆಯ ಕೆಳಗೆ ಕೂರಿಸಿದ್ದರು. ಅಂಗಳವೆಲ್ಲ ರೊಜ್ಜು. ಬಟ್ಟಲಿಗೆ ಕೆಸರು ಹತ್ತುತ್ತದೆಂದು ಅಪ್ಪ ಅದನ್ನು ಕಟ್ಟೆಯ ಅಂಚಿಗೆ ಇಟ್ಟ.

ನಾನು ಒಂದು ಗಲ್ಲ ಮುಗಿಸಿದ್ದೆ. ಗೌಡರು ಒಳಗಿನಿಂದ ಬಂದರು, ಬಟ್ಟಲನ್ನು ನೋಡಿದರು, ಕಾಲಿನಿಂದ ಒದ್ದರು. ಅದು ಅಂಗಳದ ಕಲ್ಲಿಗೆ ಬಡಿದು, ಉರುಳಿ, ಮೋರಿಯ ಹತ್ತಿರ ನಿಂತಿತು.

"ಇದು ಮಂದಿ ಕೂಡೋ ಕಟ್ಟಿ ಲೇ. ನಿನ್ನ ಹೊಲಸ ನೀರು ಇಡೋ ಜಾಗ ಅಲ್ಲ."

ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದವರಲ್ಲಿ ಒಬ್ಬ, "ಬಟ್ಟಲಕ್ಕೂ ಹಿರೇರ ಸಾಲಿನ್ಯಾಗ ಕೂಡೋ ಆಸಿ ಆಗಿತ್ತೇನೋ!" ಎಂದ. ಎಲ್ಲರೂ ನಕ್ಕರು.

ಅಪ್ಪ ಎದ್ದು ಹೋಗಿ ಬಟ್ಟಲನ್ನು ಎತ್ತಿಕೊಂಡ. ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ. ಒಂದು ಬದಿಗೆ ತಗ್ಗು ಬಿದ್ದಿತ್ತು. ಅಡುಗೆಯವರ ಹತ್ತಿರ ನೀರು ಬೇಡಿ ತಂದ. ಮದುಮಗ ಎಲ್ಲವನ್ನೂ ನೋಡಿದ್ದ. ಈಗ ಕಣ್ಣು ಮುಚ್ಚಿಕೊಂಡ. ನಾನು ಕತ್ತಿ ಹಿಡಿದು ನಿಂತೇ ಇದ್ದೆ. ಅಪ್ಪ ನನ್ನ ಕಡೆ ನೋಡಿ ಗದ್ದ ಎತ್ತಿದ: ನಡಸು. ನಡೆಸಿದೆ. ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಎಂಥ ಅಸ್ತ್ರವಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಅಪ್ಪ ಆ ಮನೆಗೆ ಹೋಗಲಿಲ್ಲ. ಕರೆ ಬಂದರೆ ಸೊಂಟ ನೋವು ಎಂದು ಹೇಳಿ ಕಳಿಸುತ್ತಿದ್ದ. ಬಟ್ಟಲಿನ ತಗ್ಗನ್ನು ತಿದ್ದಿಸಲೂ ಇಲ್ಲ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಾತಾಡದವರ ಸಿಟ್ಟು ಆರಿದೆ ಎಂದು ತಿಳಿಯುವುದು ಬೇರೆಯವರ ಅನುಕೂಲ.

ನಾನು ಮಾನ್ವಿಗೆ ಹೋಗಿ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಅಲ್ಲಿಂದ ರಾಯಚೂರು. ರಾಯಚೂರಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನ ಮಾವ ದುಬೈಯಲ್ಲಿದ್ದರು. ಅವರ ಮೂಲಕ ಇಬ್ಬರೂ ಒಟ್ಟಿಗೆ ವಿಮಾನ ಹತ್ತಿದೆವು. ಹೊರಡುವಾಗ ಅಪ್ಪ ತಾನಾಗಿಯೇ ಬಟ್ಟಲನ್ನು ನನ್ನ ಚೀಲಕ್ಕೆ ಹಾಕಿದ. "ಅಲ್ಲಿ ಬಟ್ಟಲ ಸಿಗಂಗಿಲ್ಲೇನು ಯಪ್ಪಾ?" ಎಂದರೆ, "ಇಟಗೋ" ಎಂದ ಅಷ್ಟೇ.

ದುಬೈಯ ಅಂಗಡಿಯ ಯಜಮಾನ ಟರ್ಕಿಯವನು. ಅವನನ್ನು ಎಲ್ಲರೂ ಉಸ್ತಾ ಎನ್ನುತ್ತಿದ್ದರು, ಕೆಲಸ ಕಲಿಸುವ ಗುರುವನ್ನು ನಾವು ಉಸ್ತಾದ್ ಎನ್ನುವ ಹಾಗೆ. ಮಾನ್ವಿಯಲ್ಲಿ ನೂರಾರು ಗಡ್ಡ ತೆಗೆದವನೆಂದು ನಾನು ಹೇಳಿಕೊಂಡರೆ ಅವನು ಒಂದು ಬಲೂನು ಊದಿ ಕೊಟ್ಟ. ಅದಕ್ಕೆ ನೊರೆ ಹಚ್ಚಿ, ಒಡೆಯದಂತೆ ಬೋಳಿಸಬೇಕು. ಮೊದಲ ಬಲೂನು ಮುಖದ ಮೇಲೇ ಸಿಡಿಯಿತು. ಬಹಳ ದಿನ ಕಸ ಗುಡಿಸಿದೆ, ಗಿರಾಕಿಗಳಿಗೆ ಸೊಂಟವಿರುವ ಸಣ್ಣ ಗಾಜಿನ ಲೋಟಗಳಲ್ಲಿ ಚಹಾ ಕೊಟ್ಟೆ. ಕಲಿಯಲು ಹೋದಲ್ಲಿ ಹಳೆಯ ಜಾಣತನವನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಡಬೇಕು. ಹೊರಡುವಾಗ ಎರಡನ್ನೂ ಹಾಕಿಕೊಳ್ಳಬಹುದು.

ಅವರ ಪದ್ಧತಿ ಇದು. ಗಿರಾಕಿ ಬಂದೊಡನೆ ಚಹಾ. ಹಬೆಯಾಡುವ ಟವೆಲ್ಲಿನಿಂದ ಮುಖ ಮುಚ್ಚಿ, ಗಡ್ಡ ಮೆತ್ತಗಾಗಲು ಬಿಡುವುದು. ಬ್ರಶ್ಶಿನಿಂದ ನೊರೆ ಎಬ್ಬಿಸಿ ಕತ್ತಿ ಆಡಿಸುವುದು. ಕಡ್ಡಿಗೆ ಅರಳೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಹಚ್ಚಿ, ಆ ಉರಿಯಿಂದ ಕಿವಿಯ ಮೇಲಿನ ನವಿರುಗೂದಲನ್ನು ತಟ್ಟಿ ತಟ್ಟಿ ಸುಡುವುದು. ಕೊರಳು, ಹೆಗಲು ಹಿಸುಕುವುದು. ಕೊನೆಗೆ ಅಂಗೈ ತುಂಬ ನಿಂಬೆ ವಾಸನೆಯ ಅತ್ತರಿನ ನೀರು ಸುರಿದು, ಆರೋಗ್ಯವಾಗಿರಲಿ ಎಂಬ ಅರ್ಥದ ಅವರ ಮಾತಿನಲ್ಲಿ ಹರಸುವುದು. ಆ ಮಾತಿನಲ್ಲಿ ತನ್ನ ಉರ್ದುವಿನ 'ಸೆಹತ್' ಇದೆಯೆಂದು ಗೆಳೆಯ ಮೊದಲ ದಿನವೇ ಕಂಡುಹಿಡಿದು ಕುಣಿದಾಡಿದ. ಉಸ್ತಾನ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಜರ್ಮನಿಯಲ್ಲಿ, ಇಂಗ್ಲೆಂಡಿನಲ್ಲಿ ಇಂಥ ಅಂಗಡಿಗಳನ್ನೇ ಇಟ್ಟಿದ್ದರು. ಒಂದೇ ಬೀದಿಯಲ್ಲಿ ಎದುರುಬದುರಾಗಿ ಇದ್ದರೂ ಎರಡರಲ್ಲೂ ಜನ ಕಾಯುತ್ತಾರಂತೆ. ಯಾಕೆಂದು ನಾನು ಬಹಳ ಯೋಚಿಸಿದ್ದೇನೆ. ಬಂದವನು ಎದ್ದು ಹೋಗುವಾಗ ಬೀಗರ ಮನೆಯಿಂದ ಉಪಚಾರ ಮಾಡಿಸಿಕೊಂಡು ಹೊರಟವನ ಹಾಗೆ ಇರುತ್ತಾನೆ. ಗಡ್ಡ ಎಲ್ಲಿಯಾದರೂ ಹೋಗುತ್ತದೆ. ಉಪಚಾರ ಎಲ್ಲಿಯೂ ಸಿಗುವುದಿಲ್ಲ.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಉಸ್ತಾ ನನ್ನ ಬಟ್ಟಲನ್ನು ಕೈಗೆತ್ತಿಕೊಂಡು, ಈ ತಗ್ಗು ಹೇಗಾಯಿತು ಎಂದು ಕೇಳಿದ. ನನ್ನ ಹರಕು ಹಿಂದಿ, ಅವನ ಹರಕು ಹಿಂದಿ ಎರಡನ್ನೂ ಹೊಲಿದು ಹೇಳಿದೆ. ಅವನು ತಲೆಯಾಡಿಸಿ ನಗತೊಡಗಿದ. ಅವರ ಊರುಗಳಲ್ಲೂ ಮದುಮಗನ ಕ್ಷೌರ ದೊಡ್ಡ ಸಂಭ್ರಮ. ನಡುವೆ ಕುರ್ಚಿ ಹಾಕಿ, ಡೋಲು ಬಾರಿಸಿ, ಗೆಳೆಯರೆಲ್ಲ ಸುತ್ತ ಕುಣಿಯುತ್ತಾರೆ. ಅರ್ಧ ಮುಖ ಆದ ಮೇಲೆ ಕ್ಷೌರಿಕ ಕತ್ತಿ ಕೆಳಗಿಟ್ಟು, "ಕತ್ತಿ ಓಡುತ್ತಿಲ್ಲ" ಎನ್ನುತ್ತಾನೆ. ಅವನು ಒಪ್ಪುವಷ್ಟು ಕಾಣಿಕೆ ಬೀಳುವವರೆಗೆ ಕತ್ತಿ ಓಡುವುದಿಲ್ಲ. ಯಾರೂ ಸಿಟ್ಟಾಗುವಂತಿಲ್ಲ, ಅದು ಪದ್ಧತಿ. "ನೀನು ಅವತ್ತು ಕತ್ತಿ ಇಟ್ಟುಬಿಡಬೇಕಿತ್ತು" ಎಂದ ಉಸ್ತಾ. ಬಟ್ಟಲನ್ನು ತಿರುಗಿಸಿ ನೋಡಿ, ತಗ್ಗನ್ನು ತಿದ್ದಿಸಬೇಡವೆಂದೂ ಹೇಳಿದ.

ಬಹಳ ವರ್ಷ ಕಳೆದ ಮೇಲೆ ನಾನು ಮತ್ತು ಗೆಳೆಯ ರಾಯಚೂರಿಗೆ ವಾಪಸು ಬಂದು, ಸ್ಟೇಷನ್ ರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿ ಅಂಗಡಿ ಹಾಕಿದೆವು. ಬೋರ್ಡಿನ ಮೇಲೆ ಟರ್ಕಿ ಎಂದು ಬರೆಸಿದೆವು. ಮೊದಲು ಜನ ನಕ್ಕರು. ಅಕ್ಕಿ ಗಿರಣಿಯ ಒಬ್ಬ ಹಿರಿಯರು ಕಿವಿಯ ಹತ್ತಿರ ಉರಿ ಕಂಡು, "ಏ ಏ, ಇನ್ನಾ ಜೀವ ಅದನೋ ನನಗ! ಈಗ ಸುಡಬ್ಯಾಡ!" ಎಂದು ಕುರ್ಚಿಯಿಂದ ಜಿಗಿದಿದ್ದರು. ಅವರೇ ಮುಂದಿನ ವಾರ ಅಳಿಯನನ್ನು ಕರೆದುಕೊಂಡು ಬಂದರು. ಆಮೇಲೆ ಫೋನುಗಳಲ್ಲಿ ಟರ್ಕಿ ಕ್ಷೌರದ ವಿಡಿಯೋಗಳು ಹರಿದಾಡತೊಡಗಿದವು. ನೋಡನೋಡುತ್ತಿದ್ದಂತೆ ಸಿಂಧನೂರು ದಾಟದವರೂ ಮಾನ್ವಿ ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಟರ್ಕಿಯ ಬೋರ್ಡು ಹಾಕಿಕೊಂಡರು. ಹಾಕಿಕೊಳ್ಳಲಿ. ಸಂತೆಯಲ್ಲಿ ಅಂಗಡಿ ಹೆಚ್ಚಿದಷ್ಟೂ ಸಂತೆ ದೊಡ್ಡದಾಗುತ್ತದೆ.

ಹತ್ತಿಯ ವ್ಯಾಪಾರದಲ್ಲಿದ್ದ ಒಬ್ಬ ತರುಣ ನಮ್ಮಲ್ಲಿಗೆ ತಪ್ಪದೆ ಬರುತ್ತಿದ್ದ. ಒಂದು ದಿನ ಮುಖದ ಮೇಲೆ ಬಿಸಿ ಟವೆಲ್ಲು ಹೊತ್ತೇ ಹೇಳಿದ:

"ಅಣ್ಣಾ, ಮದಿವಿ ಅದ ನಂದು. ಟರ್ಕಿ ಕಡೆ ಮದುಮಗನ್ನ ನಡುವ ಕುಂದ್ರಿಸಿ, ದೋಸ್ತರೆಲ್ಲಾ ಕುಣ್ಕೋಂತ ಶೇವಿಂಗ್ ಮಾಡಿಸ್ತಾರಲ್ಲ, ಹಂಗ ಆಗಬೇಕು. ನೀವ ಬರಬೇಕು."

"ಎಲ್ಲಿ ಮದಿವಿ?"

"ನಮ್ಮ ಮನ್ಯಾಗ. ದೇವದುರ್ಗ. ಅಗಸಿ ದಾಟಿದ ಕೂಡ್ಲೇ ಎತ್ತರ ಕಟ್ಟಿ ಮನಿ ಅದ ನೋಡ್ರಿ, ಅದ. ಹೆಣ್ಣಿನೋರು ಮಾನ್ವಿ ಕಡೆಯವ್ರು."

ಇವನು ಗೌಡರ ಮೊಮ್ಮಗನೇ ಇರಬೇಕು. ನನ್ನ ಮುಖ ಟವೆಲ್ಲಿನ ಒಳಗಿದ್ದ ಅವನಿಗೆ ಕಾಣಲಿಲ್ಲ.

"ನಿಮ್ಮ ಮುತ್ಯಾ ಅದಾರೇನು?"

"ಹೂಂ, ಗಟ್ಟಿ ಅದಾರ. ಕಣ್ಣು ಮಂದ ಆಗ್ಯಾವ, ನಾಲಿಗಿ ಇನ್ನಾ ಚುರುಕ ಅದ."

"ದೇವ್ರು ಆಯುಷ್ಯ ಕೊಡ್ಲಿ" ಎಂದೆ. ಮನಸ್ಸು ಪೂರ್ತಿ ಇಟ್ಟು ಹರಸಿದೆ. ಮದುವೆಯ ದಿನದವರೆಗೆ ಅವರು ಬದುಕಿರುವುದು ನನಗೆ ಬಹಳ ಅಗತ್ಯವಾಗಿತ್ತು.

ಹುಡುಗನ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಅವನ ಗಲ್ಲ ನನ್ನ ಕೈಗೆ ಸಿಕ್ಕಿತ್ತು.

ವ್ಯವಹಾರ ಮುಗಿಸಲು ಅವನ ಸೋದರಮಾವ ಬಂದರು. ಬೇರೆ ಊರಿನವರು, ನಮ್ಮ ಮನೆತನದ ಗುರುತು ಅವರಿಗಿರಲಿಲ್ಲ. "ಏನ್ ತಗೋತೀರಿ ಹೇಳ್ರಿ ಮಾಸ್ಟರ್, ಸುಮ್ನ ಮಾತು ಬೆಳಸಾದು ಬ್ಯಾಡ" ಎಂದರು. ಜಗಳಕ್ಕೆ ತಯಾರಾಗಿಯೇ ಕೂತಿದ್ದರು.

"ಅಂಗಡ್ಯಾಗ ತಗೊಳ್ಳೋದ ಕೊಡ್ರಿ. ಊರಿಗೆ ಬರೋ ಖರ್ಚು ನಂದ."

ಅವರ ಹುಬ್ಬು ಏರಿತು. "ಅಷ್ಟನಾ?"

"ಅಷ್ಟ. ಆದ್ರ ಟರ್ಕಿ ಪದ್ಧತಿ ಅಂದ ಮ್ಯಾಲ ಪೂರಾ ಪದ್ಧತಿಲೇ ಆಗಬೇಕು. ಕುರ್ಚಿ ಪಡಸಾಲ್ಯಾಗ ಹಾಕಬೇಕು. ಮನಿ ಹಿರೇರು ಎದುರಿಗೆ ಕೂಡಬೇಕು. ನಮ್ಮ ಉಸ್ತಾದರು ಬರ್ತಾರ, ಅವ್ರಿಗೂ ಹಿರೇರ ಸಮಾ ಒಂದು ಕುರ್ಚಿ."

"ಪಡಸಾಲ್ಯಾಗ ಮುದುಕರು ಒಪ್ಪಬೇಕಲ್ರೀ. ಕೂದಲ ಬೀಳಬಾರದು ಅಂತಾರ."

"ಹಿತ್ತಲದಾಗ ವಿಡಿಯೋ ತೆಗಿಸ್ತೀರೇನು? ಮದುಮಗನ ಹಿಂದ ಎಮ್ಮಿ ನಿಂತಿರ್ತಾವ."

ಮಾವ ನಕ್ಕು ಕೈ ಕೊಟ್ಟರು. ಅಗ್ಗಕ್ಕೆ ಗಿಟ್ಟಿಸಿಕೊಂಡೆವೆಂಬ ಖುಷಿ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಇದನ್ನು ಓದುವವರಿಗೆ ಒಂದು ಮಾತು: ತೀರಾ ಕಡಿಮೆ ಕೇಳುವವನನ್ನು ನಂಬಬೇಡಿ. ಅವನಿಗೆ ಬೇಕಾದದ್ದು ಬೇರೆ ಏನೋ ಇರುತ್ತದೆ.

ಹೆಂಡತಿಗೆ ವಿಷಯ ತಿಳಿದು ಬೈದಳು. "ಹಳೇ ಹುಣ್ಣು ಯಾಕ ಕೆರಿತೀರಿ? ಆ ಮುದುಕ ಇವತ್ತೋ ನಾಳಿನೋ."

"ಅದಕ್ಕ ಅವಸರ. ಸತ್ತ ಮ್ಯಾಲ ಯಾರ ಕೈಯಾಗ ಕೊಡ್ಲಿ ಬಟ್ಟಲ?"

"ನಿಮ್ಮಪ್ಪಗ ಕೇಳೀರೇನು?"

ಕೇಳಿದೆ. ಅಪ್ಪ ಈಗ ರಾಯಚೂರಿನಲ್ಲಿ ನಮ್ಮ ಜೊತೆಗೇ ಇದ್ದಾನೆ. ಕೈ ನಡುಗುತ್ತದೆ, ಅವನ ಗಡ್ಡವನ್ನು ನಾನೇ ತೆಗೆಯುತ್ತೇನೆ. ಯಾವ ಮನೆ, ಯಾರ ಮದುವೆ, ನಾನು ಏನು ಮಾಡಬೇಕೆಂದಿದ್ದೇನೆ ಎಲ್ಲವನ್ನೂ ಹೇಳಿದೆ. ಬೇಡ ಎನ್ನುತ್ತಾನೇನೋ ಎಂದು ನನಗೆ ಹೆದರಿಕೆ. ಅವನು, "ಬಟ್ಟಲ ತಿಕ್ಕೀಯೇನು?" ಎಂದು ಕೇಳಿದ. ಇಲ್ಲ ಎಂದಾಗ ಸೊಸೆಯ ಹತ್ತಿರ ಹುಣಸೆಹಣ್ಣು ಕೇಳಿ ತಗೊಂಡು, ನಡುಗುವ ಕೈಯಿಂದಲೇ ಹೊಳೆಯುವ ತನಕ ತಿಕ್ಕಿದ.

ಮದುವೆಯ ದಿನ ಬೆಳಿಗ್ಗೆ ನಾನು, ಗೆಳೆಯ, ಅಪ್ಪ ಕಾರಿನಲ್ಲಿ ದೇವದುರ್ಗಕ್ಕೆ ಹೋದೆವು. ಅಗಸೆಯ ಮುಂದೆ ಡಿಜೆ ಗಾಡಿ ನಿಂತಿತ್ತು, ಹಲಗೆ ಬಾರಿಸುವವರೂ ಬಂದಿದ್ದರು. ಪಡಸಾಲೆಯ ನಡುವೆ ಝಾಲರಿ ಕಟ್ಟಿದ ಕುರ್ಚಿ. ಯಾವ ಮನೆಯ ಅಂಗಳದ ರೊಜ್ಜಿನಲ್ಲಿ ನಾವು ಕೂತಿದ್ದೆವೋ ಅದೇ ಮನೆಯ ಜನ ನನ್ನ ಕರಿ ಅಂಗಿ, ಕನ್ನಡಕ, ಟರ್ಕಿ ಎಂದು ಬರೆದ ಪೆಟ್ಟಿಗೆ ನೋಡಿ, "ಬರ್ರಿ ಸರ್, ಮ್ಯಾಲ ಬರ್ರಿ" ಎಂದರು. ದೇವದುರ್ಗದ ಕ್ಷೌರಿಕ ಹಿತ್ತಲಿಗೆ, ಟರ್ಕಿಯ ಕ್ಷೌರಿಕ ಪಡಸಾಲೆಗೆ. ಕತ್ತಿ ಒಂದೇ, ಕೂದಲು ಒಂದೇ.

ಗೌಡರು ಎದುರಿಗೆ ಮರದ ಕುರ್ಚಿಯಲ್ಲಿ ಕೂತಿದ್ದರು. ಬಿಳಿ ಧೋತರ, ರೇಷ್ಮೆ ರುಮಾಲು. ದೇಹ ಒಣಗಿತ್ತು, ದನಿ ಒಣಗಿರಲಿಲ್ಲ.

"ಟರ್ಕಿ ಅಂದ್ರ ಎಲ್ಲಿ ಬರ್ತದಪಾ?"

"ದೂರ ಅದ್ರೀ."

"ಅಲ್ಲೀತನ ಹೋಗಿ ಕಲತದ್ದು ಇದನ ಏನು, ಬೋಳ್ಸೋದು?"

ಸುತ್ತ ಇದ್ದವರು ನಕ್ಕರು. ಮೊದಲಿನದೇ ನಗು; ಕೆಲವು ಬಾಯಿಗಳೂ ಮೊದಲಿನವೇ. ನಾನೂ ನಕ್ಕೆ. ಗೆಲ್ಲುವ ಇಸ್ಪೀಟು ಎಲೆ ಕೈಯಲ್ಲಿದ್ದಾಗ ಎದುರಿನವನ ಜೋಕಿಗೆ ನಗುವುದು ಒಳ್ಳೆಯದು.

ಗೆಳೆಯ ಅಪ್ಪನನ್ನು ಕೈಹಿಡಿದು ಕಟ್ಟೆ ಹತ್ತಿಸಿದ. ತಲೆಗೆ ಬಿಳಿ ಪಟಗ, ಹೆಗಲಿಗೆ ಹೊಸ ಶಲ್ಯ. ಗೌಡರು ಮಂದ ಕಣ್ಣು ಕಿರಿದು ಮಾಡಿ, "ಉಸ್ತಾದರೇನು? ಕೂಡ್ರಿ, ಕೂಡ್ರಿ" ಎಂದು ತಾವೇ ಪಕ್ಕದ ಕುರ್ಚಿ ತೋರಿಸಿದರು. ಅಪ್ಪ ಕೂತ. ಅವನು ಆ ಕಟ್ಟೆಯ ಮೇಲೆ ಕೂತದ್ದು ಅದೇ ಮೊದಲು.

ಹಲಗೆ ಶುರುವಾಯಿತು. ಹುಡುಗನ ಮುಖಕ್ಕೆ ಬಿಸಿ ಟವೆಲ್ಲು ಹಾಕಿದೆ. ಅವನ ಗೆಳೆಯರು ಸುತ್ತ ಕುಣಿದರು, ವಿಡಿಯೋದವನು ಕಟ್ಟೆಯ ಕಂಬ ಹತ್ತಿ ನಿಂತ. ನೊರೆ ಎಬ್ಬಿಸಿದೆ. ಬಲಗಲ್ಲವನ್ನು ಜೀವಮಾನದಲ್ಲಿ ಯಾರಿಗೂ ಮಾಡದಷ್ಟು ಚಂದ ಮಾಡಿದೆ. ಬೆರಳಿಟ್ಟರೆ ಜಾರಬೇಕು ಹಾಗೆ. ಕೈಯಲ್ಲಿ ಕತ್ತಿ ಇದ್ದವನ ಸೇಡು ರಕ್ತದ ಕಡೆ ಹೋಗಬಾರದು. ರಕ್ತ ಬಂದರೆ ಪೊಲೀಸು, ಕೋರ್ಟು, ಕೊನೆಗೆ ತಪ್ಪು ನಮ್ಮದೇ ಆಗುತ್ತದೆ.

ಆಮೇಲೆ ಕತ್ತಿಯನ್ನು ಮಡಿಚಿ ಜೇಬಿಗೆ ಹಾಕಿದೆ.

"ಕತ್ತಿ ಓಡವಲ್ದು" ಎಂದೆ.

ಹುಡುಗ ವಿಡಿಯೋದಲ್ಲಿ ಇದನ್ನೂ ನೋಡಿದ್ದ. "ಹೇ, ಇದು ಟರ್ಕಿ ಪದ್ಧತಿ! ರೊಕ್ಕ ಹಾಕ್ರೋ!" ಎಂದು ಕೂಗಿದ. ಗೆಳೆಯರು ನೋಟುಗಳನ್ನು ಬೀಸುತ್ತ ಬಂದರು. ನಾನು ಕೈ ಅಡ್ಡ ಹಿಡಿದೆ. ಸೋದರಮಾವ ಇನ್ನೂ ದೊಡ್ಡ ನೋಟು ತಂದರು. ತಲೆ ಅಲ್ಲಾಡಿಸಿದೆ.

"ಇದು ರೊಕ್ಕಕ್ಕ ಓಡೋ ಕತ್ತಿ ಅಲ್ರೀ. ಮನಿ ಹಿರೇರು ಕೈಯಾಗ ಬಟ್ಟಲ ಹಿಡಿದ್ರ ಓಡತದ."

ಚೀಲದಿಂದ ಬಟ್ಟಲನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಅಂಚಿನವರೆಗೂ ನೀರು ತುಂಬಿಸಿದೆ.

ಹುಡುಗರು ಚಪ್ಪಾಳೆ ಹೊಡೆದರು. ಒಬ್ಬರು ಮಾತ್ರ ಹೊಡೆಯಲಿಲ್ಲ. ಹುಡುಗನ ಅಪ್ಪ, ಅಂದರೆ ಅವತ್ತಿನ ಮದುಮಗ, ಬಟ್ಟಲಿನ ತಗ್ಗನ್ನೇ ನೋಡುತ್ತಿದ್ದರು. ನೋಡಿ ನನ್ನ ಮುಖ ನೋಡಿದರು, ನನ್ನಪ್ಪನ ಮುಖ ನೋಡಿದರು. ಹತ್ತಿರ ಬಂದು ಕಿವಿಯಲ್ಲಿ ಹೇಳಿದರು:

"ಅಣ್ಣಾ, ಗೊತ್ತಾತು. ಅವತ್ತಿಂದು ಇವತ್ತು ಬ್ಯಾಡ. ಮುದುಕರದಾರ. ಬೇಕಿದ್ರ ನಾ ಹಿಡಿತೀನಿ ಬಟ್ಟಲ."

"ನೀವು ಅವತ್ತು ಕಣ್ಣು ಮುಚ್ಚಿಕೊಂಡ್ರಿ. ಇವತ್ತೂ ಮುಚ್ಚಿಕೊಳ್ರಿ."

ಗೆಳೆಯ ನನ್ನ ತೋಳು ಹಿಡಿದ. "ಪೈಸೇ ಲೇಲೋ ಭಾಯ್. ಝಗಡಾ ನಕ್ಕೋ" ಎಂದು ಅವನ ಮನೆಮಾತಾದ ಉರ್ದುವಿನಲ್ಲಿ ಪಿಸುಗುಟ್ಟಿದ, ರೊಕ್ಕ ತಗೊ, ಜಗಳ ಬೇಡ ಎಂದು. ನಾನು ತೋಳು ಬಿಡಿಸಿಕೊಂಡೆ. ಹಲಗೆ ಬಡಿತ ನಿಂತಿತ್ತು. ಒಳಗಿನಿಂದ ಹೆಂಗಸೊಬ್ಬರು, ಸುರಗಿ ನೀರು ಆರುತ್ತಿದೆ, ಅಕ್ಷತೆಯ ಹೊತ್ತು ಮೀರುತ್ತದೆ ಎಂದು ಕೂಗಿದರು. ಗೌಡರು ಕುರ್ಚಿಯಲ್ಲಿ ಅಲುಗಾಡಲಿಲ್ಲ.

"ಬಟ್ಟಲ ಹಿಡಿಯೋದು ಎಂಥಾ ಪದ್ಧತಿ ಲೇ?" ಎಂದರು. ದನಿಯಲ್ಲಿ ಹಳೆಯ 'ಲೇ' ವಾಪಸು ಬಂದಿತ್ತು.

ಅವರು ಎದ್ದು ಒಳಗೆ ಹೋಗಿಬಿಟ್ಟರೆ? ಅಥವಾ ಇಸಿದುಕೊಂಡು ಮತ್ತೆ ಅಂಗಳಕ್ಕೆ ಎಸೆದರೆ? ಎಸೆದರೆ ಹುಡುಗನನ್ನು ಹಾಗೇ ಬಿಟ್ಟು ಕಾರು ಹತ್ತುವುದೆಂದು ನಾನು ನಿಶ್ಚಯಿಸಿದ್ದೆ. ಆದರೆ ಅಪ್ಪ ಎರಡನೇ ಸಲ ಬಟ್ಟಲು ಎತ್ತಿಕೊಳ್ಳುವುದನ್ನು ನೋಡಬೇಕಾಗುತ್ತಿತ್ತು. ಅದೊಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನನ್ನನ್ನು ಕಾಪಾಡಿದವರು ಮಾನ್ವಿಯ ಬೀಗರು. ಹೆಣ್ಣಿನ ದೊಡ್ಡಪ್ಪ, ಹೊಟ್ಟೆ ಬಿಟ್ಟ ಹಾಸ್ಯಗಾರ ಮನುಷ್ಯ, ಕಟ್ಟೆಯ ತುದಿಯಿಂದ ಕೂಗಿದರು: "ಹಿಡಿರಿ ಗೌಡ್ರ! ಅರ್ಧ ಗಡ್ಡದ ಅಳಿಯನ್ನ ನಾವು ಒಪ್ಪಂಗಿಲ್ಲ ನೋಡ್ರಿ! ಇನ್ನರ್ಧ ಯಾರಿಗೆ ಕೊಡ್ತೀರಿ?"

ಪಡಸಾಲೆಯೆಲ್ಲ ಹೋ ಎಂದು ನಕ್ಕಿತು. ಮೊಮ್ಮಗನೂ ಅರ್ಧ ನೊರೆಯ ಮುಖ ತಿರುಗಿಸಿ, "ಮುತ್ಯಾ, ಹಿಡಿ ಮುತ್ಯಾ, ವಿಡಿಯೋ ನಡದದ" ಎಂದ. ಬೀಗರ ಎದುರಿಗೆ, ಕ್ಯಾಮೆರಾದ ಎದುರಿಗೆ, ಮೊಮ್ಮಗನ ಅರ್ಧ ಮುಖದ ಎದುರಿಗೆ ಗೌಡರಿಗೆ ಹೋಗಲು ದಾರಿ ಇರಲಿಲ್ಲ. ಎರಡೂ ಕೈ ಚಾಚಿದರು. ನಾನು ಬಟ್ಟಲನ್ನು ಕೈಗೆ ಕೊಡುವಾಗ ತಗ್ಗು ಅವರ ಹೆಬ್ಬೆರಳಿನ ಕೆಳಗೆ ಬರುವಂತೆ ತಿರುಗಿಸಿ ಕೊಟ್ಟೆ.

ಹೆಬ್ಬೆರಳು ತಗ್ಗಿನಲ್ಲಿ ಕೂತಿತು. ಅವರು ಬಗ್ಗಿ ಬಟ್ಟಲನ್ನು ಹತ್ತಿರದಿಂದ ನೋಡಿದರು. ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ಪಕ್ಕದ ಕುರ್ಚಿಯ ಕಡೆ ತಿರುಗಿದರು. ತಾವೇ ಕೂಡ್ರಿ ಎಂದು ಕೂರಿಸಿದ ಉಸ್ತಾದರು ಯಾರೆಂದು ಆಗ ತಿಳಿಯಿತು. ಅಪ್ಪ ಕಣ್ಣು ತಗ್ಗಿಸಲಿಲ್ಲ.

ಕತ್ತಿ ಓಡಿತು. ನಿಧಾನವಾಗಿ ಓಡಿತು. ಒಂದೊಂದು ಎಳೆತಕ್ಕೂ ಕತ್ತಿಯನ್ನು ಬಟ್ಟಲಿಗೆ ಅದ್ದಿ, ಅಂಚಿಗೆ ತಟ್ಟಿ ನೊರೆ ಉದುರಿಸಿದೆ. ನೊರೆ ಅವರ ಬೆರಳುಗಳ ಮೇಲೆ ಕೂತಿತು, ಕೂದಲ ಚೂರುಗಳು ನೀರಿನಲ್ಲಿ ತೇಲಿದವು. ಅಂಚಿನ ನೀರು ಅವರ ಧೋತರದ ಮೇಲೆ ತುಳುಕಿತು. ಎಡಗಲ್ಲ ಮುಗಿದ ಮೇಲೂ ಮತ್ತೊಮ್ಮೆ ನೊರೆ ಹಚ್ಚಿ, ಕೂದಲಿನ ಎದುರು ದಿಕ್ಕಿಗೆ ಮತ್ತೊಮ್ಮೆ ತೆಗೆದೆ. ಅದು ಬೇಕಾಗಿರಲಿಲ್ಲ. ನನಗೆ ಬೇಕಾಗಿತ್ತು.

ಮುಗಿಯಿತು. ಹಲಗೆ ಮತ್ತೆ ಬಡಿಯಿತು, ಹುಡುಗನನ್ನು ಹೆಗಲ ಮೇಲೆ ಎತ್ತಿಕೊಂಡು ಸ್ನಾನಕ್ಕೆ ಒಯ್ದರು. ಗೌಡರ ಕೈಯಲ್ಲಿ ಬಟ್ಟಲು ಹಾಗೇ ಉಳಿದಿತ್ತು. ನಾನು ಇಸಿದುಕೊಳ್ಳಲು ಹೋಗಲಿಲ್ಲ. ಅವರು ಆಚೀಚೆ ನೋಡಿದರು, ಯಾರಿಗಾದರೂ ಕೊಡೋಣವೆಂದು. ಎಲ್ಲರೂ ಮದುಮಗನ ಹಿಂದೆ ಹೋಗಿದ್ದರು. ಕೊನೆಗೆ ಕಷ್ಟಪಟ್ಟು ಎದ್ದು, ಕಟ್ಟೆಯ ತುದಿಗೆ ಬಂದು, ಕೆಳಗೆ ಅಂಗಳದಲ್ಲಿ ಇಡಲು ಬಗ್ಗಿದರು.

ಅಷ್ಟು ವರ್ಷ ಒಂದು ಮಾತೂ ಆಡದ ಅಪ್ಪ ಬಾಯಿ ತೆರೆದ.

"ಅಲ್ಲಿ ಬ್ಯಾಡ್ರಿ, ಗೌಡ್ರ. ಕಟ್ಟಿ ಮ್ಯಾಲ ಇಡ್ರಿ."

ಮೆತ್ತಗೆ ಹೇಳಿದ, ಗಿರಾಕಿಗೆ ತಲೆ ಸ್ವಲ್ಪ ಈ ಕಡೆ ಎನ್ನುವ ಹಾಗೆ. ಗೌಡರು ಬಗ್ಗಿದಲ್ಲೇ ನಿಂತರು. ಆಮೇಲೆ ಬಟ್ಟಲನ್ನು ಕಟ್ಟೆಯ ಅಂಚಿಗೆ, ಒದ್ದ ಜಾಗದಲ್ಲೇ, ಇಟ್ಟರು. ಇಟ್ಟು ಒಳಗೆ ಹೋದರು. ಅಕ್ಷತೆಯ ಹೊತ್ತಿನವರೆಗೂ ಅದು ಅಲ್ಲೇ ಇತ್ತು. ಬಂದವರು ಹೋದವರು ಅದನ್ನು ದಾಟಿಕೊಂಡು ಓಡಾಡಿದರು. ನಾನು ಎತ್ತಲಿಲ್ಲ. ನಿಂಬೆಯ ಅತ್ತರಿನ ನೀರನ್ನು ಅಪ್ಪನ ಅಂಗೈಗೆ ಸುರಿದೆ, ಅವನು ಮುಖಕ್ಕೆ ಹಚ್ಚಿಕೊಂಡ.

ಅಕ್ಷತೆ ಮುಗಿದ ಮೇಲೆ ಬಟ್ಟಲನ್ನು ಕಟ್ಟೆಯಿಂದ ತೆಗೆದುಕೊಂಡು ಕಾರು ಹತ್ತಿದೆವು. ರಾಯಚೂರು ಹತ್ತಿರ ಬರುತ್ತಿದ್ದಾಗ ಫೋನು ಬಂತು. ಮಾನ್ವಿಯ ಅದೇ ಹೊಟ್ಟೆಯ ದೊಡ್ಡಪ್ಪ. ಅವರ ತಮ್ಮನ ಮಗನಿಗೂ ಮದುವೆ ಗೊತ್ತಾಗಿತ್ತಂತೆ.

"ಮಾಸ್ಟರ್, ನಮ್ಮಲ್ಲೂ ಪೂರಾ ಟರ್ಕಿ ಪದ್ಧತಿಲೇ ಆಗಬೇಕು. ಹಿರೇರು ಬಟ್ಟಲ ಹಿಡಿಯೋದೂ ಬೇಕು. ಯಾರು ಹಿಡಿಬೇಕು? ಕಾಕಾ ಹಿಡಿದ್ರ ನಡೀತದೇನು?"

"ಇಲ್ರೀ. ಮನಿಗೆ ಎಲ್ಲಾರಕಿಂತ ದೊಡ್ಡೋರ ಹಿಡಿಬೇಕು. ಟರ್ಕ್ಯಾಗ ಹಂಗ ಅದ."

ಈಗ ಮಾನ್ವಿಯ ಬೋರ್ಡಿನ ಟರ್ಕಿಗಳೂ ಮದುವೆಗಳಲ್ಲಿ ಹಾಗೇ ಮಾಡುತ್ತಾರೆ. ಎಂದೂ ಹಿತ್ತಲು ದಾಟದಿದ್ದ ಕ್ಷೌರಿಕರ ಬಟ್ಟಲುಗಳನ್ನು ದೊಡ್ಡ ಮನೆಗಳ ಯಜಮಾನರು ಪಡಸಾಲೆಯಲ್ಲಿ ಎರಡೂ ಕೈಯಲ್ಲಿ ಹಿಡಿದು, ಫೋಟೋಕ್ಕೆ ನಗುತ್ತ ನಿಲ್ಲುತ್ತಾರೆ. ಟರ್ಕಿಯಲ್ಲಿ ಹೀಗಿಲ್ಲವೆಂದು ಯಾರಾದರೂ ಹೇಳಿದರೆ, ನೀವು ಹೋಗಿ ನೋಡಿದ್ದೀರಾ ಎಂದು ಕೇಳಿ. ಹೋಗಿರುವುದಿಲ್ಲ.

ಆ ವಾರವೇ ನಮ್ಮ ಓಣಿಯಲ್ಲಿ ಪಾತ್ರೆ ತಿದ್ದುವವನು ಸಾಮಾನು ಹರಡಿಕೊಂಡು ಕೂತಿದ್ದ. ಕೆಲಸ ಮುಗಿದಿತ್ತಲ್ಲ, ಬಟ್ಟಲನ್ನು ಅಪ್ಪನ ಮುಂದೆ ಹಿಡಿದು ಕೇಳಿದೆ: "ಯಪ್ಪಾ, ಈ ತಗ್ಗು ಇನ್ನ ಎಬ್ಬಿಸಿಬಿಡ್ಲೇನು?"

ಅಪ್ಪ ಇಸಿದುಕೊಂಡು, ಹೆಬ್ಬೆರಳನ್ನು ತಗ್ಗಿನಲ್ಲಿ ಇಟ್ಟು ನೋಡಿದ. ಆಮೇಲೆ ನನ್ನ ಚೀಲಕ್ಕೆ ಹಾಕಿದ.

"ಇರ್ಲಿ ಬಿಡು. ಇನ್ನಾ ಮನಿ ಅದಾವ."